ತಿರಸ್ಕರಿಸಿದ್ದು ಯಾರು

ನನಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇದೆ. ಲಿಫ್ಟಿನಲ್ಲಿ ಹಾಡು ಹಾಕಬಾರದು. ಇಡ್ಲಿ ತಿಂದು ಕೈ ತೊಳೆಯುವ ಮೊದಲೇ ಫೋನು ಸ್ಟಾರ್ ಕೊಡಿ ಎಂದು ಪೀಡಿಸಬಾರದು. ಗೇಟಿನ ಸೆಕ್ಯುರಿಟಿಯವರು ಮುಖ ನೋಡಿ ನಕ್ಕ ಮೇಲೂ ಒಟಿಪಿ ಕೇಳಬಾರದು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವರೇ ಸಾಫ್ಟ್‌ವೇರನ್ನು ಇಷ್ಟು ಬೈದರೆ ಹೇಗೆ ಎಂದು ಹೆಂಡತಿ ಕೇಳುತ್ತಾಳೆ. ಉಪ್ಪು ಹೆಚ್ಚಾದದ್ದು ಅಡುಗೆಯವನಿಗೇ ಮೊದಲು ಗೊತ್ತಾಗುವುದು ಎನ್ನುತ್ತೇನೆ ನಾನು. “ಗೊತ್ತಿದ್ದೂ ಬಡಿಸೋದು ನೀವೇ ಅಲ್ವಾ?” ಎನ್ನುತ್ತಾಳೆ ಅವಳು. ಅವಳ ಮಾತು ಎಷ್ಟು ನಿಜ ಎಂದು ನನಗೆ ಅರ್ಥವಾದದ್ದು ನಮ್ಮ ಓನರ್ ಆಂಟಿಯಿಂದ.

ನಾವು ಬಾಡಿಗೆಗಿರುವುದು ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಎರಡು ತಿರುವು ಒಳಗೆ, ಎರಡನೇ ಮಹಡಿಯಲ್ಲಿ. ಓನರ್ ಆಂಟಿ ಮಗ ಸೊಸೆಯ ಜೊತೆ ಕೆಳಗಿನ ಮನೆಯಲ್ಲಿದ್ದಾರೆ. ಈ ಕಟ್ಟಡ ನಿಂತಿರುವ ನೆಲದಲ್ಲಿ ಹಿಂದೆ ಅವರದೇ ಸೊಪ್ಪಿನ ತೋಟವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಬೆಳಗಿನ ಮೊದಲ ಬಸ್ಸಿಗೆ ಸೊಪ್ಪಿನ ಮೂಟೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿ, ಬಿಸಿಲೇರುವ ಹೊತ್ತಿಗೆ ಖಾಲಿ ಗೋಣಿ ಮಡಚಿಕೊಂಡು ವಾಪಸ್ಸು ಬರುತ್ತಿದ್ದರಂತೆ. ಈಗ ತೋಟ ಟೆರೇಸಿಗೆ ಹತ್ತಿದೆ. ಒಡೆದ ಬಕೆಟ್ಟು, ಪೇಂಟಿನ ಡಬ್ಬ, ಯಾರೋ ಬಿಸಾಡಿದ ಸಿಂಕು, ಎಲ್ಲದರಲ್ಲೂ ದಂಟು, ಕೀರೆ, ಮೆಂತ್ಯ. ಪ್ರತಿ ಶನಿವಾರ ಬೆಳಗ್ಗೆ ನಮ್ಮ ಬಾಗಿಲ ಚಿಲಕಕ್ಕೆ ಒಂದು ಕಟ್ಟು ಸೊಪ್ಪು ನೇತಾಡುತ್ತಿರುತ್ತದೆ. ಆ ದಂಟಿನಲ್ಲಿ ಮಾಡಿದ ಬಸ್ಸಾರಿಗೆ ನಾನು ಏನು ಬೇಕಾದರೂ ಬಿಟ್ಟುಕೊಡಬಲ್ಲೆ.

ನಮ್ಮ ಆಫೀಸು ಬಡಾವಣೆಗಳ ಸಂಘಗಳಿಗೆ ಆ್ಯಪ್ ಮಾಡಿಕೊಡುತ್ತದೆ. ಜೆ.ಪಿ. ನಗರದ ಒಂದು ಸಂಘದವರು ಭಾನುವಾರ ಬೆಳಗ್ಗೆ ಒಂದು ಮೈದಾನದಲ್ಲಿ ಕೈತೋಟದ ಸಂತೆ ಶುರುಮಾಡಿದರು. ಮನೆಯಲ್ಲಿ ಬೆಳೆದದ್ದನ್ನು ಬೆಳೆದವರೇ ತಂದು ಕೂರಬೇಕು. ಜಾಗ ಬೇಕಾದವರು ಆ್ಯಪ್‌ನಲ್ಲಿ ಅರ್ಜಿ ಹಾಕಿ, ತರುವ ಪದಾರ್ಥದ ಫೋಟೊ ಕಳಿಸಬೇಕು. ಆ ಆ್ಯಪ್ ಆಡುವ ಕನ್ನಡವನ್ನೆಲ್ಲ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ತಂಡದಲ್ಲಿ ಕನ್ನಡ ಪೇಪರ್ ಓದುವವರು ಇಬ್ಬರೇ, ಇನ್ನೊಬ್ಬ ಅವತ್ತು ರಜೆ ಹಾಕಿದ್ದ. ಊಟ ಮುಗಿಸಿ ಕೂತವನು ಸಂಜೆಯ ಕಾಫಿಗೆ ಮುಂಚೆ ಎಲ್ಲ ಬರೆದು ಮುಗಿಸಿದೆ. ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುತ್ತಿದೆ, ಅಂಗೀಕರಿಸಲಾಗಿದೆ, ತಿರಸ್ಕರಿಸಲಾಗಿದೆ. ಮುಗಿಸಿ ಕುರ್ಚಿಗೆ ಒರಗಿದಾಗ ವಿಧಾನಸೌಧದಲ್ಲಿ ಕೂತ ಹಾಗೆ ಅನ್ನಿಸಿತ್ತು.

ಜನ ಟೊಮೆಟೊ ಬದಲು ತಮ್ಮ ಸೆಲ್ಫಿಯನ್ನೇ ಕಳಿಸುತ್ತಾರೆ ಎಂದು ಸಂಘದವರು ದೂರಿದರು. ಅದಕ್ಕೂ ನಾನೇ ಒಂದು ಉಪಾಯ ಮಾಡಿದೆ. ಪದಾರ್ಥದ ಫೋಟೊದಲ್ಲಿ ಮನುಷ್ಯರ ಮುಖ ಕಂಡರೆ ಅದು ತಾನಾಗಿಯೇ ವಾಪಸ್ಸಾಗಬೇಕು. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಮೆರೆದದ್ದೂ ಉಂಟು.

ಆಂಟಿಗೂ ಸಂತೆಯ ವಿಷಯ ಹೇಳಿದ್ದೆ. “ನಮಗ್ಯಾಕ್ ಬುಡಪ್ಪ, ಅಲ್ಲಿಗೆಲ್ಲ ಓದಿರೋರು ಬತ್ತಾರೆ,” ಎಂದು ಅವರು ನಕ್ಕುಬಿಟ್ಟಿದ್ದರು. ಸುಮಾರು ಒಂದು ತಿಂಗಳ ನಂತರ ನಾನೂ ಹೆಂಡತಿಯೂ ಸಂತೆಗೆ ಹೋಗಿ ಬಂದೆವು. ಅಲ್ಲಿಟ್ಟಿದ್ದ ದಂಟು ನೋಡಿದರೆ ಕಾಯಿಲೆ ಬಿದ್ದು ಎದ್ದ ಹಾಗಿತ್ತು. ಮನೆಗೆ ಬಂದವನೇ ಟೆರೇಸಿಗೆ ಹೋದೆ. ಆಂಟಿ ಚೊಂಬಿನಲ್ಲಿ ನೀರು ಹಾಕುತ್ತಿದ್ದರು.

“ಆಂಟಿ, ನೀವೂ ಒಂದು ಸಲ ಅರ್ಜಿ ಹಾಕಿ ನೋಡಬೇಕಿತ್ತು.”

“ಹಾಕಿದ್ನಲ್ಲಪ್ಪ. ಬ್ಯಾಡ ಅಂದ್ರು.”

“ಯಾರು?”

ಅವರು ಚೊಂಬು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನು ತೆಗೆದು ತೋರಿಸಿದರು. ಫೋಟೊದಲ್ಲಿ ಆಂಟಿಯೇ ಇದ್ದರು. ಮದುವೆ ಮನೆಗಳಿಗೆ ಉಡುವ ನೇರಳೆ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಎರಡು ಕೈ ತುಂಬ ದಂಟಿನ ಸೊಪ್ಪು. ಕೆಳಗೆ ಕೆಂಪು ಅಕ್ಷರದಲ್ಲಿ ನನ್ನ ಕನ್ನಡ: ತಿರಸ್ಕರಿಸಲಾಗಿದೆ.

“ಸೊಸೆ ಕೈಲಿ ತೆಗೆಸಿದ್ದೆ,” ಎಂದರು. “ಏನಾಯ್ತು ಅತ್ತೆ ಅಂತ ಅವ್ಳು ಕೇಳ್ತಾನೆ ಇದ್ಲು. ಇನ್ನೂ ಏನೂ ಬಂದಿಲ್ಲ ಅಂದೆ.” ಪಕ್ಕದ ಬಕೆಟ್ಟಿನಿಂದ ಒಂದು ಹಣ್ಣೆಲೆ ಚಿವುಟಿ ಹಾಕಿ ಮತ್ತೆ ಹೇಳಿದರು. “ಹೆಣ್ಣು ನೋಡಕ್ಕೆ ಬಂದೋರೂ ನನಗೆ ಹಿಂಗ್ ಅಂದಿರ್ಲಿಲ್ಲ ಕಣಪ್ಪ. ಒಪ್ಪಿಗೆ ಇಲ್ದಿದ್ರೂ, ಹೇಳಿ ಕಳಿಸ್ತೀವಿ ಅಂತ ಉಪ್ಪಿಟ್ಟು ತಿಂದು ಹೋಗೋರು. ಯಾರಪ್ಪ ಇದು, ನನ್ನ ತಿರಸ್ಕಾರ ಮಾಡಿರೋದು? ಸಂಘದೋರಾ?”

ನಾನು ಆ ಪದವನ್ನೇ ನೋಡುತ್ತ ನಿಂತೆ. ಲಾಗಿದೆ, ಲಾಗಿದೆ ಎಂದು ಬರೆಯುವುದರಲ್ಲಿ ಒಂದು ಅನುಕೂಲವಿದೆ. ಮಾಡಿದವರು ಯಾರು ಎಂದು ಹೇಳಬೇಕಾಗಿಲ್ಲ. ಸರ್ಕಾರಿ ಬೋರ್ಡಿನಿಂದ ಬ್ಯಾಂಕಿನ ಚೀಟಿಯವರೆಗೆ ಎಲ್ಲವೂ ತನ್ನಷ್ಟಕ್ಕೆ ತಾನೇ ಆಗಿಬಿಟ್ಟಿರುತ್ತದೆ, ಜಗಳ ಆಡೋಣವೆಂದರೂ ಎದುರಿಗೆ ಒಬ್ಬ ಮನುಷ್ಯ ಸಿಗುವುದಿಲ್ಲ. ಆದರೆ ಆಂಟಿ ಯಾರು ಎಂದು ನೇರವಾಗಿ ಕೇಳಿದ್ದರು. ಸಂಘದವರ ಮೇಲೆ ಹಾಕಿ ಕೆಳಗಿಳಿದು ಹೋಗಬಹುದಿತ್ತು. ಒಂದು ಕ್ಷಣ ಹಾಗೆ ಮಾಡೋಣವೆಂದೂ ಅನ್ನಿಸಿತು.

“ನಾನೇ ಆಂಟಿ. ಅದನ್ನ ಬರೆದಿರೋದು ನಾನು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನಾ? ವಾರವಾರ ನನ್ ಸೊಪ್ಪೇ ತಿಂತೀಯಲ್ಲಪ್ಪ.”

ಬೇಡ ಎಂದದ್ದು ನಿಮ್ಮನ್ನಲ್ಲ, ಫೋಟೊವನ್ನು ಮಾತ್ರ, ಅಲ್ಲಿ ಬರೀ ಸೊಪ್ಪಿನ ಚಿತ್ರ ಹಾಕಬೇಕಿತ್ತು, ನಿಮ್ಮ ಚಿತ್ರಕ್ಕೆ ಮೇಲೆ ಬೇರೆ ಜಾಗವಿದೆ ಎಂದೆಲ್ಲ ವಿವರಿಸಿದೆ. ಆ ಮೇಲಿನ ಜಾಗದ ಪಕ್ಕ ನಾನು ‘ಐಚ್ಛಿಕ’ ಎಂದು ಬರೆದಿದ್ದೆ. ಹಾಗೆಂದರೆ ಏನೋ ಎಂದು ಹೆದರಿ ಅವರು ಅದನ್ನು ಮುಟ್ಟಿರಲೇ ಇಲ್ಲ.

“ಫೋಟೊದಾಗೆ ಇದ್ದೋಳು ನಾನೇ ತಾನೆ,” ಎಂದು ಆಂಟಿ ಚೊಂಬು ಎತ್ತಿಕೊಂಡರು. ಅವರಿಗೆ ಬಾಡಿಗೆ ಬರುತ್ತದೆ, ಸೊಪ್ಪು ಮಾರಿ ಆಗಬೇಕಾದದ್ದೇನೂ ಇಲ್ಲ. ತಾನು ಬೆಳೆದದ್ದನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಜನರ ನಡುವೆ ಕೂರಬೇಕು ಎಂಬ ಆಸೆಯಿತ್ತು, ಅಷ್ಟೆ. ಅದಕ್ಕೆ ಅಡ್ಡ ನಿಂತದ್ದು ನನ್ನ ಒಂದು ಮಧ್ಯಾಹ್ನದ ಜಾಣತನ. ಆ ಶನಿವಾರ ಚಿಲಕಕ್ಕೆ ಸೊಪ್ಪು ಬಂತೋ ಇಲ್ಲವೋ ಎಂದು ಬಾಗಿಲು ತೆಗೆಯುವಾಗ ನನಗೆ ಭಯವಿತ್ತು. ಬಂದಿತ್ತು, ಮೆಂತ್ಯ. ದಂಟು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ನಾನು ಆಫೀಸಿನಲ್ಲಿ ಆ ಮಾತುಗಳನ್ನೆಲ್ಲ ಹೊಸದಾಗಿ ಬರೆಯಲು ಶುರುಮಾಡಿದ್ದೆ. ಸರಿಯಾಗಿ ಓಡುತ್ತಿರುವುದನ್ನು ಯಾಕೆ ಕೆದಕುತ್ತೀರಿ ಎಂದು ನಮ್ಮ ತಂಡದ ಲೀಡ್ ಕೇಳಿದರು. ಅವರಿಗೆ ಕನ್ನಡ ಬಾರದು. ಕನ್ನಡ ಪೇಪರ್ ಓದುವ ಆ ಇನ್ನೊಬ್ಬ, ಹಾವೇರಿ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿರುವವನು, ನನ್ನ ಹಳೆಯ ಪಟ್ಟಿಯನ್ನು ಓದಿ ನಕ್ಕ. “ಇದನ್ನ ನಮ್ಮವ್ವ ಓದಿದ್ರ ಕೋರ್ಟಿನ ನೋಟಿಸ್ ಬಂತಂತ ಊಟಾ ಬಿಡ್ತಾಳ ನೋಡ್ರಿ,” ಎಂದ. ಇಬ್ಬರೂ ಕೂತು, ಎದುರಿಗೆ ಒಬ್ಬ ಹಿರಿಯರು ನಿಂತಿದ್ದರೆ ಬಾಯಲ್ಲಿ ಏನು ಹೇಳುತ್ತಿದ್ದೆವೋ ಅದನ್ನೇ ಬರೆಯುತ್ತ ಹೋದೆವು. ಐಚ್ಛಿಕ ಹೋಗಿ ‘ಬೇಕಿದ್ದರೆ ಹಾಕಿ’ ಆಯಿತು. ತಿರಸ್ಕಾರದ ಜಾಗಕ್ಕೆ ‘ಇಲ್ಲಿ ಸೊಪ್ಪು, ತರಕಾರಿಯ ಫೋಟೊ ಮಾತ್ರ ಹಾಕಿ. ನಿಮ್ಮ ಫೋಟೊ ಮೇಲೆ ಹಾಕಬಹುದು’ ಎಂದು ಬಂತು. ಅಂಗೀಕರಿಸಲಾಗಿದೆ ಎನ್ನುವುದಕ್ಕೆ ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ‘ಬನ್ನಿ’ ಎಂದು ಇಟ್ಟೆವು. “ನಮ್ಮ ಕಡೆ ಬರ್ರಿ ಅಂತೇವ್ರಿ. ಇರ್ಲಿ, ಬನ್ನಿ ಅಂದ್ರೂ ತಿಳೀತದ,” ಎಂದು ಅವನು ಉದಾರವಾಗಿ ಒಪ್ಪಿದ. ಹಳೆಯ ಉದ್ದದ ಪದ ಚಿಕ್ಕ ಫೋನುಗಳಲ್ಲಿ ಅರ್ಧಕ್ಕೇ ತುಂಡಾಗುತ್ತಿತ್ತು, ಹೊಸದು ಚೆನ್ನಾಗಿ ಕೂತಿತು. ಅದನ್ನು ನೋಡಿ ಲೀಡ್ ಕೂಡ ಹೂಂ ಎಂದರು.

ಮುಂದಿನ ಶನಿವಾರ ಬೆಳಗ್ಗೆ ಆಂಟಿಯನ್ನು ಕೇಳಿಕೊಂಡು ಟೆರೇಸಿಗೆ ಕರೆದೆ. ಒಲ್ಲದ ಮನಸ್ಸಿನಿಂದಲೇ ಬಂದರು. ರೇಷ್ಮೆ ಸೀರೆಯ ಫೋಟೊವನ್ನು ಅದರ ಜಾಗಕ್ಕೆ ಹಾಕಿದೆವು. ಸಿಂಕಿನಲ್ಲಿ ಬೆಳೆದ ದಂಟಿನ ಫೋಟೊವನ್ನು ಅವರೇ ತೆಗೆದರು, ಮುಖವಿರಲಿ ನೆರಳೂ ಬೀಳದ ಹಾಗೆ ದೂರ ಸರಿದು ನಿಂತು. ಕಳಿಸುವ ಬಟನ್ ಒತ್ತುವಾಗ ಅವರ ಬೆರಳು ತಡೆಯಿತು.

“ಇನ್ನೊಂದು ಸಲ ಹಂಗೇ ಬಂದ್ರೆ ನಾನು ಈ ಫೋನೇ ಮುಟ್ಟಕಿಲ್ಲ,” ಎಂದರು. ಆಮೇಲೆ ಒತ್ತಿದರು.

ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು. ಆಂಟಿ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದರು. “ಬನ್ನಿ. ಭಾನುವಾರ ನಿಮಗೆ ಜಾಗ ಇಟ್ಟಿರ್ತೀವಿ.” ಇನ್ನೊಂದು ಸಲ ಓದಿದರು. ಮೆಟ್ಟಿಲ ಹತ್ತಿರ ಹೋಗಿ ಕೆಳಗೆ ಬಗ್ಗಿ ಸೊಸೆಯನ್ನು ಕೂಗಿದರು. “ಏ, ಬಂತು ಕಣೇ. ಬನ್ನಿ ಅಂತ ಕರ್ದವ್ರೆ.”

ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾವ ಪ್ರಮೋಷನ್ನಿಗೂ ಅಷ್ಟು ಆಗಿರಲಿಲ್ಲ. ಆಂಟಿ ತಿರುಗಿ ನನ್ನ ಹತ್ತಿರ ಬಂದರು.

“ಇದೂ ನೀನೇ ಬರ್ದಿದ್ದಾ?”

“ಹೂಂ ಆಂಟಿ.”

“ಹಂಗಾದ್ರೆ ನೀನೂ ಬರ್ಬೇಕು. ಬನ್ನಿ ಅಂತ ಕರ್ದೋರೇ ಮನೇಲಿ ಮಲ್ಗಿದ್ರೆ, ಬಂದೋರ್ನ ಕೂರ್ಸೋರು ಯಾರು?”

ಭಾನುವಾರದ ಬೆಳಗಿನ ನಿದ್ದೆಯ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿವೆ. ಆದರೂ ಮಾರನೆಯ ದಿನ ಆರೂಕಾಲಿಗೆ ದಂಟಿನ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಆಂಟಿ ಅದೇ ನೇರಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಗೆ ಬಂದರು.