ಕೊಹಾರುವಿನ ಮೊಣಕಾಲಿನಷ್ಟು ನೀರು

ನಮ್ಮ ಪಕ್ಕದ ಮನೆಯ ಮಾಸಾಕುವಿಗೆ ಊರಿನವರು ಇಟ್ಟ ಹೆಸರು ‘ಕೊಳವಿಲ್ಲದವನು’. ನಮ್ಮ ಬೆಟ್ಟದ ಮೇಲೆ ಪ್ರತಿ ಮನೆಯ ಹಿಂದೆಯೂ ಒಂದು ಕೊಳ ಇದ್ದೇ ಇರುತ್ತದೆ. ಚಳಿಗಾಲದಲ್ಲಿ ಮಾಡಿನ ಮೇಲೆ ಆಳೆತ್ತರ ಹಿಮ ಕೂತಾಗ ಅದನ್ನು ಸಲಿಕೆಯಿಂದ ಹಿಂದಿನ ಕೊಳಕ್ಕೆ ತಳ್ಳುತ್ತೇವೆ. ಒರತೆಯ ನೀರಿನಲ್ಲಿ ಅದು ಕರಗಿ ಹೋಗುತ್ತದೆ. ಮಾಸಾಕು ಮಾತ್ರ ತನ್ನ ಮನೆಯ ಹಿಮವನ್ನು ಜಾರುಬಂಡಿಗೆ ತುಂಬಿ ಹಳ್ಳದವರೆಗೂ ಎಳೆದುಕೊಂಡು ಹೋಗಿ ಸುರಿದು ಬರುತ್ತಿದ್ದ. ಗೋಡೆಗೆ ಗಾರೆ ಮೆತ್ತುವ ಕೆಲಸ ಅವನದು. ಗೋಡೆ ನುಣುಪಾಗುವವರೆಗೆ ಊಟಕ್ಕೂ ಇಳಿಯದವನು. ಮಾತು ಕಡಿಮೆ.

ಕೊಳ ಯಾಕಿಲ್ಲ ಎನ್ನುವುದು ನನ್ನ ವಯಸ್ಸಿನವರಿಗೆ ಗೊತ್ತು. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಅವನಿಗೆ ಹನ್ನೆರಡು, ಅವನ ತಂಗಿ ಚಿಯೊಗೆ ಮೂರು. ಒಂದು ಬೆಳಿಗ್ಗೆ ಹೊಸ ಹಿಮ ಬಿದ್ದಿತ್ತು. ಹಿಮ ಮುಚ್ಚಿದ ಮೇಲೆ ಅಂಗಳ ಯಾವುದು, ಕೊಳ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಮಗು ನಡೆದುಕೊಂಡು ಹೋಯಿತು, ಅಷ್ಟೆ. ವಸಂತದಲ್ಲಿ ನೆಲ ಮೆತ್ತಗಾದ ವಾರವೇ ಅವರಪ್ಪ ಕೊಳವನ್ನು ಮುಚ್ಚಿದ. ಮಣ್ಣಿನ ಬುಟ್ಟಿ ಎತ್ತಿ ಕೊಟ್ಟವನು ಮಾಸಾಕು. ಆಮೇಲೆ ಆ ಮಾತನ್ನು ಅವನು ಯಾರ ಹತ್ತಿರವೂ ಆಡಲಿಲ್ಲ, ಹೆಂಡತಿ ಬದುಕಿದ್ದಾಗ ಅವಳ ಹತ್ತಿರವೂ.

ಹೋದ ವರ್ಷದ ಹಿಂದಿನ ವರ್ಷ, ಬೇಸಿಗೆಯಲ್ಲಿ, ಅವನ ಮಗಳು ಸತೋಮಿ ಕೆಳಗಿನ ಪೇಟೆಯ ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಹಿಡಿದು, ತನ್ನ ಪುಟ್ಟ ಮಗಳು ಕೊಹಾರುವನ್ನು ಕರೆದುಕೊಂಡು ತವರಿಗೆ ಬಂದಳು. ಮಗುವಿಗೆ ನಾಲ್ಕು ತುಂಬುವುದರಲ್ಲಿತ್ತು. ಮೀನು ಸಾಕುವ ಜಿನ್‌ಪಾಚಿ ಬಾಲ ಸೊಟ್ಟಗಿದ್ದು ಮಾರಾಟಕ್ಕೆ ಬಾರದ ಐದು ಚಿನ್ನದ ಮೀನುಗಳನ್ನು ಬಕೆಟ್ಟಿನಲ್ಲಿ ತಂದು ಮಗುವಿನ ಕೈಗೆ ಕೊಟ್ಟ. ಬೇಸಿಗೆಯೆಲ್ಲ ಅವು ಜಗುಲಿಯ ಪಕ್ಕದ ತೊಟ್ಟಿಯಲ್ಲಿದ್ದವು. ಸೆಪ್ಟೆಂಬರ್ ಬಂತು. ಹೊರಗಿಟ್ಟರೆ ತೊಟ್ಟಿ ತಳದವರೆಗೆ ಹೆಪ್ಪುಗಟ್ಟುತ್ತದೆ. ಒಳಗಿಟ್ಟರೆ ಒಲೆಯ ಬಿಸಿಗೆ ಮೀನು ಚಳಿಗಾಲದ ನಿದ್ದೆ ಇಲ್ಲದೆ ವಸಂತಕ್ಕೆ ಸೊರಗಿ ಹೋಗುತ್ತದೆ. ಮಗು ದಿನವೂ ಕೇಳುತ್ತಿತ್ತಂತೆ, ಅಜ್ಜ, ಇವುಗಳ ಮನೆ ಯಾವಾಗ ಕಟ್ಟುತ್ತೀಯ ಎಂದು.

ಮಾಸಾಕು ಜಿನ್‌ಪಾಚಿಯನ್ನು ಕರೆಸಿ, ತಳ ಹೆಪ್ಪುಗಟ್ಟದಿರಲು ಎಷ್ಟು ಆಳ ಬೇಕು ಎಂದು ಕೇಳಿದ. ಮೂರು ಗೇಣಿಗೆ ಒಂದು ಬೆರಳೂ ಕಡಿಮೆ ಆಗಬಾರದು ಎಂದ ಜಿನ್‌ಪಾಚಿ. ಮಾಸಾಕು ಮಗುವನ್ನು ಜಗುಲಿಯ ಮೇಲೆ ನಿಲ್ಲಿಸಿ, ಬಿದಿರು ಕಡ್ಡಿಯೊಂದನ್ನು ಕಾಲಿನ ಪಕ್ಕ ಹಿಡಿದು, ಮೊಣಕಾಲ ಚಿಪ್ಪಿನ ಕೆಳ ಅಂಚಿಗೆ ಸರಿಯಾಗಿ ಕತ್ತಿಯಿಂದ ಗೀರು ಹಾಕಿದ. ಒಂದು ಗೇಣು ಒಂದು ಬೆರಳು.

“ಇದಕ್ಕಿಂತ ಜಾಸ್ತಿ ನೀರು ನನ್ನ ಹಿತ್ತಲಲ್ಲಿ ನಿಲ್ಲೋ ಹಾಗಿಲ್ಲ,” ಎಂದ.

“ಅಷ್ಟರಲ್ಲಿ ಮೀನು ಸಾಕೋಕಾಗಲ್ಲ ಮಾಸಾಕಣ್ಣ, ಅಕ್ಕಿ ತೊಳೀಬೋದು,” ಎಂದು ನಕ್ಕು ಜಿನ್‌ಪಾಚಿ ಎದ್ದು ಹೋದ.

ನಾನು ಬೇಲಿಯ ಈಚೆ ಮೂಲಂಗಿ ಒಣಹಾಕುತ್ತ ನೋಡುತ್ತಿದ್ದೆ. ಒಂದು ದಿನ ಅವನು ಕಡ್ಡಿಯ ಗೀರಿನಷ್ಟು ತೋಡಿದ. ಮರುದಿನ ಮೂರು ಗೇಣು ತೋಡಿದ, ಗುಂಡಿಯ ಪಕ್ಕ ತುಂಬ ಹೊತ್ತು ನಿಂತ, ಸಂಜೆಗೆ ಪುನಃ ಮಣ್ಣು ತುಂಬಿ ದಿಮ್ಮಸು ಹೊಡೆದು ಗಟ್ಟಿಮಾಡಿದ. ವಾರ ಬಿಟ್ಟು ಮತ್ತೆ ತೋಡಿದ, ಮತ್ತೆ ಮುಚ್ಚಿದ. ಮೂರನೆಯ ಸಲ ನಾನು ಚಹಾ ತೆಗೆದುಕೊಂಡು ಹೋದೆ.

“ಕೊಳ ಪೂರ್ತಿ ಆಳ ಯಾಕೋ ಬೇಕು? ಒಂದು ಮೂಲೇಲಿ ಇದ್ರೆ ಸಾಲ್ದಾ? ನಾವೇನು ಮನೆ ತುಂಬ ಹಾಸಿಗೆ ಹಾಸ್ಕೊಂಡು ಮಲಗ್ತೀವಾ?”

“ಆ ಮೂಲೇಲೇ ಕಾಲಿಡ್ತಾಳೆ ತೊಮೆ ಅಕ್ಕ.”

“ಕಾಲು ಹಿಡಿಸದಷ್ಟು ಬಾಯಿ ಸಣ್ಣ ಇದ್ರೆ?”

ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ.

ನಮ್ಮತ್ತೆಯ ಕಾಲದ ಉಪ್ಪಿನಕಾಯಿ ಜಾಡಿ ನನ್ನ ಉಗ್ರಾಣದಲ್ಲಿತ್ತು. ಗಂಡ ಹೋದ ಮೇಲೆ ಅಷ್ಟೊಂದು ಉಪ್ಪಿನಕಾಯಿ ತಿನ್ನುವವರಾರು? ಎರಡು ಗೇಣು ಎತ್ತರ, ಹೊಟ್ಟೆ ಅಗಲ, ಬಾಯಿ ಎರಡು ಮುಷ್ಟಿಯಷ್ಟು. ಬಾಯಿ ಕೊಳದ ತಳದ ಮಟ್ಟಕ್ಕೆ ಬರುವಂತೆ ಹೂತರೆ ಕೆಳಗೆ ಎರಡು ಗೇಣು, ಮೇಲಿನ ನೀರು ಒಂದು ಗೇಣು ಒಂದು ಬೆರಳು, ಒಟ್ಟು ಮೂರು ಗೇಣು ದಾಟಿತು. ಬಾಯಿಯ ಮೇಲೆ ಮೂರು ಕಲ್ಲಿಟ್ಟು, ಅದರ ಮೇಲೊಂದು ಚಪ್ಪಡಿ ಕೂರಿಸಿದರೆ ಪಕ್ಕದ ಸಂದಿಯಲ್ಲಿ ಮೀನು ಹೋಗುತ್ತದೆ, ಮಗುವಿನ ಕಾಲು ಹೋಗುವುದಿಲ್ಲ.

ಆದರೆ ಐವತ್ತು ವರ್ಷದ ಉಪ್ಪು ಆ ಜಾಡಿಯ ಮೈಯೊಳಗೇ ಇಳಿದಿತ್ತು. ಅದನ್ನು ತೆಗೆಯದೆ ಮೀನು ಬಿಡುವಂತಿರಲಿಲ್ಲ. ದಿನಾ ಬೆಳಿಗ್ಗೆ ನೀರು ತುಂಬಿಸುವುದು, ಮರುದಿನ ಬೆರಳದ್ದಿ ನಾಲಿಗೆಗೆ ಇಟ್ಟು ನೋಡುವುದು, ಚೆಲ್ಲುವುದು. ಹತ್ತು ದಿನ ಉಪ್ಪು, ಆಮೇಲೆ ಹುಳಿ, ಇಪ್ಪತ್ತು ದಾಟಿದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು. ಇಪ್ಪತ್ತಾರನೆಯ ದಿನ ನನಗೆ ಏನೂ ಹತ್ತಲಿಲ್ಲ. ಮುದುಕಿಯ ನಾಲಿಗೆಯನ್ನು ನಂಬಬಾರದೆಂದು ಕೊಹಾರುವಿಗೂ ನೆಕ್ಕಿಸಿದೆ. ಬರೀ ನೀರು ಅಜ್ಜಿ, ಎಂದು ಅವಳು ಮುಖ ಸಿಂಡರಿಸಿದಳು.

ಜಾಡಿಯನ್ನು ಹೂತು, ಸುತ್ತ ಸುಣ್ಣ ಮಣ್ಣು ಕಲಸಿ ಮಾಸಾಕು ಮೆತ್ತಿದ ತಳವನ್ನು ಕೈಯಾಡಿಸಿ ನೋಡಿದೆ. ತಟ್ಟೆಯಂತಿತ್ತು. ಆ ಸುಣ್ಣದ ಘಾಟು ಹೋಗಲಿ ಎಂದು ನೀರು ತುಂಬಿ ಏಳು ಸಲ ಚೆಲ್ಲಿದ. ನವೆಂಬರ್ ಕೊನೆಗೆ ಐದೂ ಮೀನು ಒಂದೊಂದಾಗಿ ಚಪ್ಪಡಿಯ ಕೆಳಗೆ ಇಳಿದವು.

ಫೆಬ್ರವರಿಯಲ್ಲಿ ಮಾಸಾಕುವಿನ ಸೊಂಟ ಹಿಡಿಯಿತು. ಮೇಲಿನ ಕೇರಿಯ ಮೂವರು ಅವನ ಮಾಡಿನ ಹಿಮ ತಳ್ಳಲು ಬಂದರು. ಕರೆಯದೆ ಬರುವುದೇ ನಮ್ಮಲ್ಲಿ ರೂಢಿ. ನಾನು ಒಳಗೆ ಅವರಿಗೆ ಸಾರು ಕಾಯಿಸುತ್ತಿದ್ದೆ. ಹಿತ್ತಲಲ್ಲಿ ದೊಪ್ಪೆಂದ ಸದ್ದಿಗೆ ಸೌಟು ಹಿಡಿದೇ ಓಡಿದೆ. ಅರ್ಧ ಮಾಡಿನ ಹಿಮ ಕೊಳದ ಮೇಲಿತ್ತು. ಅಷ್ಟು ಕಡಿಮೆ ನೀರಿನಲ್ಲಿ ಅದು ಕರಗುವಂತಿರಲಿಲ್ಲ.

“ಕೊನೆಗೂ ಮಾಸಾಕಣ್ಣ ಕೊಳ ತೋಡಿದಾನಲ್ಲ ಅಂತ ಖುಷಿಯಾಯ್ತು ಅಕ್ಕ,” ಎಂದ ಒಬ್ಬ ಮೇಲಿನಿಂದ.

ಯಾರನ್ನು ಬೈಯಲಿ? ಮನೆಯ ಹಿಂದೆ ಕೊಳ ಕಂಡರೆ ನಮ್ಮೂರಿನ ಕೈ ತಾನಾಗಿಯೇ ಅತ್ತ ತಳ್ಳುತ್ತದೆ. ವಿಷಯ ತಿಳಿದು ಅವರು ಪೆಚ್ಚಾಗಿ ಇಳಿದು, ಅಗೆದು ತೆಗೆಯುತ್ತೇವೆ ಎಂದರು. ಮಾಸಾಕು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ. ಸಲಿಕೆ ತಗುಲಿದರೆ ಜಾಡಿ ಒಡೆದೀತು, ಬಿಡಿ, ಎಂದ. ಅವರು ಹೋದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತ.

“ಇದೂ ಹಿಮದ ಕೆಳಗೇ ಆಯ್ತಲ್ಲ ಅಕ್ಕ,” ಎಂದ.

ಕೊಹಾರು ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದು, “ಮೆತ್ತಗೆ ಮಾತಾಡು ಅಜ್ಜ, ಅವು ಮಲಗಿವೆ,” ಎಂದಳು. ಅಂದಿನಿಂದ ಆ ಹಿಂಬಾಗಿಲ ಹತ್ತಿರ ಎಲ್ಲರೂ ಪಿಸುಗುಟ್ಟಿಯೇ ಮಾತಾಡಿದೆವು. ದೊಡ್ಡ ಗಂಟಲಿನ ಜಿನ್‌ಪಾಚಿ ಕೂಡ.

ಏಪ್ರಿಲ್ ಹದಿನೇಳಕ್ಕೆ ಹಿಮ ಕರಗಿ ಚಪ್ಪಡಿ ಕಂಡಿತು. ಮೂರು ದಿನ ಏನೂ ಇಲ್ಲ. ಮಾಸಾಕು ದಂಡೆ ಬಿಟ್ಟು ಏಳಲಿಲ್ಲ, ಊಟದ ತಟ್ಟೆಯನ್ನು ಸತೋಮಿ ಅಲ್ಲಿಗೇ ತಂದಿಡುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನದ ಬಿಸಿಲಿಗೆ ಒಂದು ಸೊಟ್ಟ ಬಾಲ ಸಂದಿಯಿಂದ ಹೊರಬಂತು. ಆಮೇಲೆ ಇನ್ನೊಂದು. ಸಂಜೆಗೆ ನಾಲ್ಕಾದವು. ಐದನೆಯದು ಬರಲಿಲ್ಲ.

ಎರಡು ದಿನ ಕಾದು ಮಾಸಾಕು ಚಪ್ಪಡಿ ಸರಿಸಿ, ಭುಜದವರೆಗೆ ಕೈ ಇಳಿಸಿ ಅದನ್ನು ತೆಗೆದ. ಬಚ್ಚಿಡುತ್ತಾನೇನೋ ಎಂದುಕೊಂಡೆ. ಅಂಗೈಯಲ್ಲಿಟ್ಟು ಮಗುವಿಗೆ ತೋರಿಸಿದ.

“ಇನ್ನೂ ಮಲಗಿದೆಯಾ ಅಜ್ಜ?”

“ಇಲ್ಲ ಪುಟ್ಟಿ. ಸತ್ತುಹೋಗಿದೆ. ನನಗೊಬ್ಬಳು ತಂಗಿ ಇದ್ಲು, ನಿನಗಿಂತ ಚಿಕ್ಕವಳು,” ಎಂದು ಶುರುಮಾಡಿದ.

ನಾನು ಬೇಲಿಯ ಈಚೆ ಬಂದುಬಿಟ್ಟೆ. ಅರವತ್ತು ವರ್ಷ ಹೇಳದ ಮಾತನ್ನು ಮಗುವಿಗೆ ಹೇಳುವಾಗ ಮೂರನೆಯವರು ಇರಬಾರದು. ಸತೋಮಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಳಂತೆ.

ಮೇ ತಿಂಗಳು ನೀರು ಬೆಚ್ಚಗಾದ ಮೇಲೆ ಒಂದು ದಿನ ನನ್ನನ್ನು ಕರೆದರು. ಕೊಹಾರು ಕೊಳದ ನಡುವೆ ನಿಂತಿದ್ದಳು, ಮೀನುಗಳು ಕಾಲ ಸುತ್ತ ಓಡಾಡುತ್ತಿದ್ದವು. ಮಾಸಾಕು ಪಕ್ಕದಲ್ಲಿ ಪ್ಯಾಂಟು ಮಡಿಚಿ ನಿಂತಿದ್ದ, ಅವಳ ಕೈ ಹಿಡಿದಿರಲಿಲ್ಲ. ಆ ಬಿದಿರು ಕಡ್ಡಿ ಇಳಿಸಿ ನೋಡಿದ. ನೀರು ಹಳೆಯ ಗೀರಿಗೇ ಇತ್ತು. ಅವಳ ಮೊಣಕಾಲು ಮಾತ್ರ ಒಂದು ಬೆರಳು ಮೇಲೆ ಹೋಗಿತ್ತು.

ಕಡ್ಡಿಯ ಮೇಲೆ ಹೊಸ ಗೀರು ಹಾಕಿ ಹೇಳಿದ: “ಹಿಮ ಬೀಳೋದ್ರೊಳಗೆ ದಂಡೇನ ಒಂದು ಬೆರಳು ಏರಿಸ್ಬೋದು ಅಕ್ಕ.”