ದೋಣಿಗೆ ಹಣೆ ಎಲ್ಲಿ

ಆ ಭಾನುವಾರ ಬೆಳಗ್ಗೆಯೂ ನಾನು ಎಂದಿನಂತೆ ಮೊದಲು ನೀರಿನ ಮೋಟಾರು ಹಾಕಿ ಆಮೇಲೆ ಹಾಲು ಕಾಯಲಿಟ್ಟೆ. ಹಾಲು ಉಕ್ಕಿ ಬರುವ ಹೊತ್ತಿಗೆ ಟ್ಯಾಂಕು ತುಂಬಿರುತ್ತದೆ, ಎರಡನ್ನೂ ಒಟ್ಟಿಗೆ ಆರಿಸಬಹುದು. ಬಳ್ಳಾರಿ ಕಂಟೋನ್ಮೆಂಟಿನ ಈ ಮನೆಗೆ ಬಂದಾಗಿನಿಂದ ಇದೇ ನನ್ನ ಗಡಿಯಾರ. ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿಕೊಂಡು ಬರುವಷ್ಟರಲ್ಲಿ ನಮ್ಮವರು ಊಟದ ಮೇಜಿನ ಮೇಲೆ ಕೊರಿಯರ್ ಡಬ್ಬಿ ಬಿಚ್ಚಿ ಹರವಿಕೊಂಡಿದ್ದರು. ಮಗುವಿನ ಬಳೆಗಳಂತಹ ಕಪ್ಪು ರಬ್ಬರು ಸೀಲುಗಳು, ಹೊಂಬಣ್ಣದ ಎಣ್ಣೆಯ ಬಾಟಲಿ, ಅದರ ಬಾಯಿಗೆ ಸಿಕ್ಕಿಸುವ ಒಂದು ಸಣ್ಣ ನಳಿಕೆ.

"ಒಗ್ಗರಣಿ ಎಣ್ಣಿ ತಾಗೀತು, ತೆಗೀರಿ ಅದನ್ನ" ಎಂದೆ.

"ಇದು ಕಡೀ ಸೆಟ್ಟು. ಇದೂ ಸೋರಿತಂದ್ರ ದೋಣಿ ಮಾರೂದೇ" ಎಂದು ಅವರು ಸೀಲುಗಳನ್ನು ಒಂದೊಂದಾಗಿ ಕರ್ಚೀಫಿನಲ್ಲಿ ಕಟ್ಟಿಕೊಂಡರು.

ನಮ್ಮವರು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾರೆ. ಮೈದುನ ಮತ್ತು ಅವನ ಹೆಂಡತಿ ಅತ್ತೆಯವರೊಂದಿಗೆ ಸಿರುಗುಪ್ಪದ ಆಚೆ ಹೊಳೆದಂಡೆಯ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ನಮ್ಮ ಹೊಲದ ಅರ್ಧ ಭಾಗ ಈ ದಂಡೆಯಲ್ಲಿದೆ, ಇನ್ನರ್ಧ ತುಂಗಭದ್ರೆ ಎರಡು ಸೀಳಾಗಿ ಹರಿಯುವ ನಡುಗಡ್ಡೆಯಲ್ಲಿದೆ. ಬೇಸಿಗೆಯಲ್ಲಿ ಮೊಣಕಾಲು ನೀರಿನಲ್ಲಿ ನಡೆದೇ ದಾಟಬಹುದು. ನಾಟಿಯ ಹೊತ್ತಿಗೆ ಡ್ಯಾಮಿನಿಂದ ನೀರು ಬಿಟ್ಟಿರುವುದರಿಂದ ಹರಿಗೋಲೇ ಗತಿ. ಹರಿಗೋಲು ಗಿರಗಿರ ತಿರುಗುತ್ತಾ ನಿಧಾನ ಹೋಗುತ್ತದೆ. ಆಳುಗಳನ್ನೆಲ್ಲ ದಾಟಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಅದಕ್ಕೇ ಮೈದುನ ಈ ವರ್ಷ ಒಂದು ದೋಣಿ ಕೊಂಡ. ಕರಾವಳಿಯ ಕಡೆ ಪ್ರವಾಸಿಗರನ್ನು ಸುತ್ತಿಸುತ್ತಿದ್ದ ಹಳೇ ಫೈಬರ್ ದೋಣಿ. ಹಿಂದೆ ಮೋಟಾರು, ಮುಂದೆ ಕಾರಿನ ಹಾಗೆ ಸ್ಟೇರಿಂಗು. ಲಾರಿಯಲ್ಲಿ ಹೇರಿಕೊಂಡು ಬಂದು ಇಳಿಸಿದ ದಿನ ಊರಿಗೆ ಊರೇ ನೋಡಲು ಬಂದಿತ್ತಂತೆ.

ಮೈದುನನಿಗೆ ಟ್ರ್ಯಾಕ್ಟರಿನ ಕೆಲಸವೇ ಮುಗಿಯುವುದಿಲ್ಲ. ಹಾಗಾಗಿ ದೋಣಿ ನಡೆಸುವುದನ್ನು ಕಲಿತವಳು ಅವನ ಹೆಂಡತಿ, ನನ್ನ ನೆಗೆಣ್ಣಿ. ಸ್ಕೂಟಿ ಬಿಟ್ಟು ಬೇರೇನೂ ಓಡಿಸದವಳು ವಾರದೊಳಗೆ ನಡುಗಡ್ಡೆಗೆ ಹೋಗಿ ಬರತೊಡಗಿದಳು. ಫೋನಿನಲ್ಲಿ ನನಗೆ ದಿನಾ ಅದೇ ವರದಿ. ಅವಳ ದನಿಯಲ್ಲಿ ಅಂಥ ಉಮೇದು ನಾನು ಮೊದಲು ಕೇಳಿರಲಿಲ್ಲ. ಆಮೇಲೆ ಒಂದು ದಿನ ನಡುಹೊಳೆಯಲ್ಲಿ ಚಕ್ರ ತಿರುಗಿಸಿದರೆ ದೋಣಿ ತಿರುಗಲಿಲ್ಲ. ಸುಮ್ಮನೆ ಗರಗರ ತಿರುಗಿತಂತೆ ಚಕ್ರ, ದೋಣಿ ಅಡ್ಡಡ್ಡ ತೇಲಿ ಜೇಕು ಹುಲ್ಲಿನ ಪೊದೆಗೆ ಹೋಗಿ ನಿಂತಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ನೋಡಿದರು. ಅವರೇ ನಾಟಿಗೆ ಬರಬೇಕಾದವರು.

ಸ್ಟೇರಿಂಗಿನ ಎಣ್ಣೆ ಸೋರಿಹೋಗಿತ್ತು, ಹೊಸ ಸೀಲು ಹಾಕಿದ್ದಾಯಿತು. ಕೆಲವೇ ದಿನಕ್ಕೆ ಮತ್ತೆ ಸೋರಿತು. ನಾಟಿ ಗುಂಪಿನ ಮೇಸ್ತ್ರಿ ನಮ್ಮ ಊರಮನೆಯ ಗೋಡೆಯಾಚೆಯವಳೇ, ಹಿರಿಯಾಕೆ. ಆಕೆ ನೆಗೆಣ್ಣಿಗೆ ನೇರವಾಗಿ ಹೇಳಿದ್ದಳು: "ನೋಡವಾ, ಆ ಗಾಲಿ ನೆಟ್ಟಗಾದ್ರ ಬರತೀವಿ. ಇಲ್ಲಂದ್ರ ಕೆನಾಲ್ ಕೆಳಗಿನವ್ರು ಕರದಾರ, ಅಲ್ಲಿಗೆ ಹೋಗತೀವಿ. ಸಿಟ್ಟಾಗಬ್ಯಾಡ." ಸಸಿ ಕಿತ್ತು ಕಟ್ಟಿಟ್ಟಾಗಿತ್ತು. ಸೋಮವಾರ ನಾಟಿ ಆಗಲೇಬೇಕು. ಮೈದುನ ಹೆಂಡತಿಗೆ ಹೆಚ್ಚೇನೂ ಅಂದಿರಲಿಲ್ಲ. "ಈ ಸಲ ಆಗಲಿಲ್ಲಂದ್ರ ಹರಿಗೋಲೇ ಸಾಕು ಬಿಡು" ಎಂದಷ್ಟೇ ಅಂದಿದ್ದ. ಅದನ್ನು ಅವಳು ನನಗೆ ಫೋನಿನಲ್ಲಿ ಎರಡು ಸಲ ಹೇಳಿದಳು.

ಅದಕ್ಕೇ ಆ ಭಾನುವಾರ ನಾವು ಹೊರಟಿದ್ದು. ಬಳ್ಳಾರಿಯಲ್ಲಿ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ಗಾಳಿಗುಳ್ಳೆ ಕಾಣುವಂಥ ಪಾರದರ್ಶಕ ಪೈಪು ಕೇಳಿದೆವು.

"ಯಾವ ಗಾಡಿಗ್ರಿ ಸಾರ್?"

"ಗಾಡಿಗಲ್ಲ, ದೋಣಿಗೆ. ಸ್ಟೇರಿಂಗಿಗೆ."

ಅಂಗಡಿಯಾತ ಪೈಪು ಅಳೆಯುವುದನ್ನು ನಿಲ್ಲಿಸಿದ. "ದೋಣಿಗೂ ಪವರ್ ಸ್ಟೇರಿಂಗಾ? ಏಮಿರಾ ಇದಿ!" ಎಂದು, ಇದೇನೋ ಇದು ಎಂಬಂತೆ, ಒಳಗಿದ್ದ ತಮ್ಮನ ಕಡೆ ತಿರುಗಿ ನಕ್ಕ. "ಹೊಳಿಯಾಗ ಟ್ರಾಫಿಕ್ ಭಾಳ ಐತೇನ್ರಿ?" ಬ್ರೇಕ್ ಆಯಿಲಿನ ಡಬ್ಬಿಯೊಂದನ್ನೂ ಮುಂದಿಟ್ಟ. "ಇದನ್ನ ಹಾಕ್ರಿ, ಎಲ್ಲಾ ಒಂದ."

ನಮ್ಮವರು ಬೇಡವೆಂದರು. ಬ್ರೇಕ್ ಆಯಿಲು ಈ ಸೀಲನ್ನು ತಿಂದುಹಾಕುತ್ತದೆ ಎಂದು ದಾರಿಯುದ್ದಕ್ಕೂ, ಬಾದನಹಟ್ಟಿ ದಾಟಿದ ಮೇಲೂ, ನನಗೆ ಪಾಠವಾಯಿತು. ಚಕ್ರದ ಹಿಂದೆ ಒಂದು ಸಣ್ಣ ಪಂಪು. ಚಕ್ರ ತಿರುಗಿಸಿದರೆ ಅದು ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆ ಎರಡು ಪೈಪಿನಲ್ಲಿ ಹಿಂದಕ್ಕೆ ಹೋಗಿ ಮೋಟಾರಿನ ಬುಡದ ಸಿಲಿಂಡರಿನ ಸರಳನ್ನು ಆಚೀಚೆ ದೂಡುತ್ತದೆ. ಸರಳು ಹೊರಬರುವ ಬಾಯಲ್ಲಿ ಸೀಲು. ಅಲ್ಲಿ ಎಣ್ಣೆ ಹೊರಗೆ ಜಿನುಗಿದರೆ ಒಳಗೆ ಗಾಳಿ ಸೇರುತ್ತದೆ. ಎಣ್ಣೆಯನ್ನು ದೂಡಿದರೆ ದೂಡಿಸಿಕೊಳ್ಳುತ್ತದೆ, ಗಾಳಿ ಕುಗ್ಗಿಕೊಂಡು ಸುಮ್ಮನಿದ್ದುಬಿಡುತ್ತದೆ. ನನಗೆ ಇಷ್ಟು ಅರ್ಥವಾಯಿತು. ಮಾರಿದವನೇ ಮೋಸ ಮಾಡಿದ್ದಾನೆ, ಸರಳೇ ಸವೆದಿರಬೇಕು ಎಂಬುದು ಅವರ ತೀರ್ಮಾನ.

ಹೊಳೆದಂಡೆಯ ಬೇವಿನ ಮರಕ್ಕೆ ದೋಣಿಯನ್ನು ಕಟ್ಟಿದ್ದರು. ನೆಗೆಣ್ಣಿ ಸೀರೆ ಎತ್ತಿ ಕಟ್ಟಿ ಸ್ಪ್ಯಾನರು ಹಿಡಿದು ಆಗಲೇ ಒಳಗೆ ಕುಳಿತಿದ್ದಳು. ಅತ್ತೆಯವರು ಮರದ ನೆರಳಿನಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಮೈದುನ ಕೆನಾಲ್ ಕಡೆಯ ಹೊಲದಲ್ಲಿದ್ದ.

"ಅಕ್ಕಾ, ನೀ ಅರಿವಿ ತಂದಿಯೇನು?"

ತಂದಿದ್ದೆ. ಹಳೇ ಬಿಳಿ ಪಂಚೆ ಹರಿದ ತುಂಡುಗಳು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಶುಕ್ರವಾರ ಬಿಳಿ ಕರ್ಚೀಫಿನಿಂದ ಕಿಟಕಿಯ ಸರಳು ಒರೆಸಿ, ಅದನ್ನು ಇಡೀ ಕ್ಲಾಸಿಗೆ ಬಿಚ್ಚಿ ತೋರಿಸುತ್ತಿದ್ದರು. ಮನೆಯಲ್ಲಿ ನಾನು ಏನನ್ನು ಒರೆಸಿದರೂ ಬಟ್ಟೆಯನ್ನು ಒಮ್ಮೆ ತಿರುಗಿಸಿ ನೋಡುವುದು ಅಲ್ಲಿಂದ ಬಂದ ರೂಢಿ.

ಸಿಲಿಂಡರಿನ ಸರಳು ಕೈಬೆರಳಿನ ದಪ್ಪ, ಬೆಳ್ಳಿಯ ಹೊಳಪು. ಸವೆದಂತೇನೂ ಕಾಣಲಿಲ್ಲ. ಅದರ ಬಾಯಲ್ಲಿ ಎಣ್ಣೆ ಉಂಗುರದ ಹಾಗೆ ಕಟ್ಟಿತ್ತು. ಒರೆಸಿದೆ, ಬಟ್ಟೆ ತಿರುಗಿಸಿದೆ. ಬರೀ ಎಣ್ಣೆಯಾಗಿದ್ದರೆ ಹಳದಿ ಇರಬೇಕು. ಹೊಳೆಯ ಮಣ್ಣಾಗಿದ್ದರೆ ಕೆಂಪೋ ಕಪ್ಪೋ ಇರಬೇಕು. ಬಟ್ಟೆಯ ಮೇಲೆ ಬೂದು ಬಣ್ಣದ ಲೇಪವಿತ್ತು. ಬೆರಳಿನಿಂದ ತಿಕ್ಕಿದರೆ ನುಣ್ಣಗಿನ ಮರಳಿನಂತೆ ಗರಗರ ಎಂದಿತು. ನೆಗೆಣ್ಣಿಗೆ ತೋರಿಸಿದೆ. ಅವಳು ಬಟ್ಟೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಸ್ಪ್ಯಾನರಿನ ಕಡೆ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಆದರೆ ಒಂದೇ ಮನೆಯಲ್ಲಿ ದಿನಾ ಉಣ್ಣುವ ಸೊಸೆ ಅಂಥದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

"ಏನದು, ಇಬ್ಬರೂ ಕೂಸಿನ ಅರಿವಿ ನೋಡಿದಂಗ ನೋಡಾಕ ಹತ್ತೀರಿ?" ಅತ್ತೆ ಅಲ್ಲಿಂದಲೇ ಕೂಗಿದರು.

ನಾನು ಇಳಿದು ಹೋಗಿ ಬಟ್ಟೆಯನ್ನು ಅವರ ಕೈಗೇ ಕೊಟ್ಟೆ. ಅವರು ಹೆಬ್ಬೆರಳಿನಿಂದ ತಿಕ್ಕಿದರು, ಮೂಸಿದರು.

"ಇದು ನಮ್ಮ ಗಟ್ಟಿ ವಿಭೂತಿ."

ಅತ್ತೆ ಬಟ್ಟೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

"ನಾನ ಹಚ್ಚೀನಿ. ಸೋಮವಾರಕ್ಕೊಮ್ಮೆ, ಮೂರು ಬಟ್ಟು. ಟ್ರ್ಯಾಕ್ಟರಿಗೆ ಹಚ್ಚಂಗಿಲ್ಲೇನು? ಪಂಪ್‌ಸೆಟ್ಟಿಗೆ ಹಚ್ಚಂಗಿಲ್ಲೇನು? ಅವು ಸೋರ್ಯಾವೇನು?"

"ಅಮ್ಮಾ, ಹೈಡ್ರಾಲಿಕ್ ಅಂದ್ರ ಏನಂದ್ರ..." ನಮ್ಮವರು ಶುರುಮಾಡಿದರು.

"ನೀ ಸುಮ್ಕಿರಪಾ. ಇಷ್ಟು ದಿನ ಮಾರಿದವನ್ನ ಬೈದ್ಯಲ್ಲ, ಅವನಿಗೊಂದು ಫೋನ್ ಮಾಡಿ ತಪ್ಪಾತಂತ ಹೇಳು ಮೊದಲು."

ನಗು ತಡೆದುಕೊಂಡು ನಾನು ಅವರ ಪಕ್ಕ ಕುಳಿತೆ. "ಅತ್ತೀ, ಟ್ರ್ಯಾಕ್ಟರಿಗೆ ಎಲ್ಲಿ ಹಚ್ತೀರಿ?"

"ಹಣಿಗೆ. ಎರಡು ಲೈಟಿನ ನಡುವ."

"ದೋಣಿಗೆ ಹಣಿ ಎಲ್ಲೈತಿ ಮತ್ತ?"

ಅವರು ಬೀಜ ತೆಗೆಯುವುದನ್ನು ನಿಲ್ಲಿಸಿ ದೋಣಿಯನ್ನು ಉದ್ದಕ್ಕೂ ನೋಡಿದರು. "ಮುಂದ ಐತಿ, ಮತ್ತೆಲ್ಲಿ ಇರತೈತಿ. ಮೊದಲನೇ ವಾರ ಅಲ್ಲೇ ಹಚ್ಚಿದ್ದೆ. ಹೊಳಿ ದಾಟೂದ್ರಾಗ ತೊಳಕೊಂಡು ಹೋತು. ಹಿಂದ ಬಂದು ನೋಡಿದ್ರ ಇದೊಂದು ಬೆಳ್ಳಿ ಕಂಡಂಗ ಕಾಣ್ತು. ನೀರು ಮುಟ್ಟಲ್ಲ, ಬಣ್ಣ ಬಳದಿಲ್ಲ. ಛಲೋ ಜಾಗ ಅಂದ್ಕೊಂಡೆ."

ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಆ ಸರಳು ಪ್ರತಿ ಸಲ ಒಳಗೆ ಹೋಗುವಾಗಲೂ ಬೂದಿಯನ್ನು ಸೀಲಿನ ತುಟಿಗೆ ಉಜ್ಜುತ್ತಿತ್ತೆಂಬುದು ಹೊರಗಿನಿಂದ ಕಾಣುವ ಸಂಗತಿಯಲ್ಲ. ಅತ್ತೆ ಎದ್ದು ನನ್ನ ಹೆಗಲು ಹಿಡಿದು ದೋಣಿ ಹತ್ತಿದರು. ಒಂದು ಸುತ್ತು ನೋಡಿ ಸ್ಟೇರಿಂಗಿನ ಮುಂದೆ ನಿಂತರು.

"ಇದನ್ನ ಯಾರು ಹಿಡೀತಾರ?"

"ನಾನರೀ ಅತ್ತಿ" ಎಂದಳು ನೆಗೆಣ್ಣಿ.

"ಹಂಗಾರ ಇನ್ನ ಮ್ಯಾಲೆ ಇದರ ನಟ್ಟನಡುವ ಹಚ್ತೀನಿ. ಹಿಡಿಯಾಕಿ ಕಣ್ಣಿಗೂ ಬೀಳಲಿ. ಏನಪಾ ಮಾಸ್ತರ, ಇಲ್ಲಿ ಏನರ ಸೋರತೈತೇನು?"

"ಇಲ್ಲಮ್ಮಾ. ಮ್ಯಾಲಿನ ಎಣ್ಣಿ ಬಿರಡಿ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಹಚ್ಚು."

ಆಮೇಲಿನದು ಬರೀ ಕೆಲಸ. ನಮ್ಮವರು ಸಿಲಿಂಡರಿನ ಎರಡೂ ಬಾಯಿ ಬಿಚ್ಚಿ ಹಳೇ ಸೀಲು ತೆಗೆದರು. ಅದರ ಅಂಚು ಇಲಿ ಕಡಿದ ಹಾಗೆ ಸಣ್ಣಸಣ್ಣಗೆ ಹರಿದಿತ್ತು. ಬಟ್ಟೆ ಬೆಳ್ಳಗೆ ಬರುವವರೆಗೆ ನಾನು ಸರಳು ಒರೆಸಿದೆ. ಹೊಸ ಸೀಲಿಗೆ ಎಣ್ಣೆ ಸವರಿ ಕೂರಿಸಿದ್ದಾಯಿತು. ಪೈಪುಗಳನ್ನು ಕೈಯಾಡಿಸಿ ನೋಡುವಾಗ ಒಂದು ಕಡೆ ತಗಡಿನ ಅಂಚಿಗೆ ತಾಗಿ ಸವೆಯುತ್ತಿದ್ದದ್ದು ಸಿಕ್ಕಿತು. ಅಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆವು.

ಗಾಳಿ ತೆಗೆಯುವುದಕ್ಕೆ ಮೂವರೂ ಬೇಕಾಯಿತು. ಎಣ್ಣೆಯ ಬಾಟಲಿಯನ್ನು ಸ್ಟೇರಿಂಗಿನ ಪಂಪಿನ ಮೇಲೆ ತಲೆಕೆಳಗಾಗಿ ಸಿಕ್ಕಿಸಿ, ಸಲೈನ್ ಬಾಟಲಿ ಕಾಯುವಂತೆ ನಾನು ಕಾಯಬೇಕು. ಅದು ಖಾಲಿಯಾದರೆ ಮತ್ತೆ ಗಾಳಿ ಸೇರುತ್ತದೆ. ನೆಗೆಣ್ಣಿ ಚಕ್ರವನ್ನು ನಿಧಾನಕ್ಕೆ ಒಂದೇ ಕಡೆ ತಿರುಗಿಸುತ್ತಿರಬೇಕು. ನಮ್ಮವರು ಹಿಂದೆ ತಿರುಪು ಸಡಿಲಿಸಿ, ಅದಕ್ಕೆ ಕುರುಗೋಡಿನ ಪೈಪು ಸಿಕ್ಕಿಸಿ ಡಬ್ಬಿಗೆ ಬಿಡಬೇಕು.

"ತಿರುಗಸು... ತಿರುಗಸು... ಗುಳ್ಳಿ ಬರಾಕತ್ತಾವು... ನಿಲ್ಲಸಬ್ಯಾಡ."

"ಮಾವಾರ, ಕೈ ಸೋತು ಬಂತ್ರಿ" ಎಂದಳು ನೆಗೆಣ್ಣಿ ನಮ್ಮವರಿಗೆ.

"ರೊಟ್ಟಿ ಬಡಿಯಾಕ ಸೋಲಲ್ಲ, ಇದಕ್ಕ ಸೋಲತೈತೇನು?" ಎಂದರು ಅತ್ತೆ.

"ರೊಟ್ಟಿ ತಿರುಗತೈತ್ರಿ ಅತ್ತಿ, ಇದು ಮಾತ ಕೇಳವಲ್ದು!"

ಪೈಪಿನಲ್ಲಿ ಮೊದಲು ನೊರೆಯಂತೆ, ಆಮೇಲೆ ಸಾಸಿವೆಯಷ್ಟು, ಆಮೇಲೆ ಎಲ್ಲೋ ಒಂದೊಂದು ಗುಳ್ಳೆ ಬಂದು, ಕೊನೆಗೆ ಎಣ್ಣೆ ಅಖಂಡವಾಗಿ ಹರಿಯಿತು. ತಿರುಪು ಬಿಗಿಮಾಡಿ ಇನ್ನೊಂದು ಕಡೆಯದನ್ನೂ ಹಾಗೆಯೇ ಮಾಡಿದೆವು. ಬಾಟಲಿ ತೆಗೆದು ಬಿರಡೆ ಹಾಕಿದ ಮೇಲೆ ನೆಗೆಣ್ಣಿ ಚಕ್ರವನ್ನು ಸ್ವಲ್ಪವೇ ಎಡಕ್ಕೆ ಅಲುಗಿಸಿದಳು. ಹಿಂದೆ ಮೋಟಾರು ಕೂಡಲೇ ಅಲುಗಿತು. ಬಲಕ್ಕೆ ಅಲುಗಿಸಿದಳು. ಅದೂ ಸರಿ. ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಊಟ ಮಾಡಿ ಬಂದು, ಸರಳಿನ ಬಾಯಿ ಒಣಗಿಯೇ ಇದೆಯೆಂದು ಖಾತ್ರಿ ಮಾಡಿಕೊಂಡು, ದೋಣಿ ಬಿಟ್ಟೆವು. ಅತ್ತೆಯೂ ಹತ್ತಿದರು. ನನಗೆ ಈಜು ಬರುವುದಿಲ್ಲ, ಕಿತ್ತಳೆ ಬಣ್ಣದ ಜಾಕೀಟಿನ ಎಲ್ಲ ಲಾಡಿಗಳನ್ನೂ ಕಟ್ಟಿಕೊಂಡು ಕುಳಿತೆ. ನಡುಹೊಳೆಯ ಸೆಳೆತದಲ್ಲಿ ನೆಗೆಣ್ಣಿ ದೋಣಿಯ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಆಮೇಲೆ ಮೆಲ್ಲಗೆ ಓರೆಮಾಡಿ, ನಡುಗಡ್ಡೆಯ ಕಲ್ಲಿಗೆ ಮುಟ್ಟಿಸಿದಳು. ಮತ್ತೆ ಹಿಂದಕ್ಕೆ, ಮತ್ತೆ ಅತ್ತ. ಕಾಲೇಜಿನ ಮಾಸ್ತರರು ಒಂದು ಸೂಚನೆಯನ್ನೂ ಕೊಡಲಿಲ್ಲ. ದಂಡೆಯಲ್ಲಿ ಮೇಸ್ತ್ರಿ ಮತ್ತು ಇನ್ನಿಬ್ಬರು ಹೆಂಗಸರು ಎಮ್ಮೆ ತೊಳೆಯುತ್ತಿದ್ದರು. ನಾವು ಇಳಿದು ಅವರ ಪಕ್ಕದಲ್ಲೇ ಹಾದು ಬಂದರೂ ಮೇಸ್ತ್ರಿ ಎಮ್ಮೆಯ ಬೆನ್ನು ತಿಕ್ಕುವುದನ್ನು ಬಿಟ್ಟು ತಲೆ ಎತ್ತಲಿಲ್ಲ.

"ನೋಡಿದ್ಲೋ ಇಲ್ಲೋ?" ಎಂದು ನೆಗೆಣ್ಣಿ ಮನೆಗೆ ಬಂದ ಮೇಲೆ ಪಿಸುದನಿಯಲ್ಲಿ ಕೇಳಿದಳು.

"ಹೋಗಿ ಕೇಳಬಾರದೇನು?"

"ಕೇಳಬಾರದಕ್ಕಾ. ಒಮ್ಮೆ ಎಲಿ ಅಡಕಿ ಕೊಟ್ಟು ಕರದ ಮ್ಯಾಲೆ ಮತ್ತ ಕೇಳಿದ್ರ ನಮ್ಮ ಮ್ಯಾಲೆ ನಂಬಿಕಿ ಇಲ್ಲೇನಂತಾರ."

ಮೈದುನ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ. ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಅತ್ತಿಗಿ, ಈ ಸಲ ಹೆಂಗೈತಿ?" ಎಂದು ಕೇಳಿದ. ಸೋರಿಲ್ಲವೆಂದೆ. ಅವನು ತಲೆಯಾಡಿಸಿ ಚಹಾ ಕುಡಿದ. ನಾಳೆ ಆಳು ಬರುತ್ತಾರೋ ಇಲ್ಲವೋ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ನಾವು ಬಳ್ಳಾರಿಗೆ ಹೊರಟಾಗ ಬೀದಿಯ ದೀಪಗಳು ಆಗ ತಾನೇ ಹತ್ತಿದ್ದವು. ಅತ್ತೆ ಕೊಟ್ಟ ನುಗ್ಗೆಕಾಯಿಯ ಕಟ್ಟನ್ನು ನಾನು ಕಾರಿನ ಹಿಂದಿನ ಸೀಟಿನಲ್ಲಿಡುತ್ತಿದ್ದೆ. ನೆಗೆಣ್ಣಿ ಬಾಗಿಲ ಬಳಿ ನಿಂತಿದ್ದಳು. ಗೋಡೆಯಾಚೆಯಿಂದ ಮೇಸ್ತ್ರಿಯ ತಲೆ ಕಾಣಿಸಿತು. ಒಣಗಿದ ಬಟ್ಟೆಗಳನ್ನು ತಂತಿಯಿಂದ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಾ, ನಮ್ಮ ಕಡೆ ಸರಿಯಾಗಿ ನೋಡದೆಯೇ ಅಂದಳು:

"ಏನವಾ, ನಿಮ್ಮ ದೋಣಿಯಾಗ ಬುತ್ತಿ ಇಡಾಕ ನೆಳ್ಳು ಐತೇನು? ಹ್ವಾದ ವರ್ಷ ಹರಿಗೋಲಿನ್ಯಾಗ ನಮ್ಮ ಮಜ್ಜಿಗಿ ಎಲ್ಲಾ ಹುಳಿ ಆಗಿ ಹೋಗಿತ್ತು."