ಮುಯ್ಯಾಳು ಬಾರದ ಗದ್ದೆ

ಕಳೆದ ಆಗಸ್ಟ್‌ನ ಒಂದು ಸೋಮವಾರ, ತಿ.ನರಸೀಪುರ ತಾಲ್ಲೂಕಿನ ನಮ್ಮೂರಿನ ಯಜಮಾನರು ಮಾರಿಗುಡಿಯ ಕಟ್ಟೆಯ ಮೇಲೆ ಸೇರಿ, ಒಬ್ಬ ಹೆಂಗಸಿನ ಜತೆ ಯಾರೂ ಮಾತಾಡಕೂಡದು, ಅವಳ ಗದ್ದೆಗೆ ಆಳು ಹೋಗಕೂಡದು ಎಂದು ತೀರ್ಮಾನ ಮಾಡಿದರು. ತೀರ್ಮಾನ ಮಾಡಿದವರಲ್ಲಿ ನನ್ನ ಅಣ್ಣನೂ ಒಬ್ಬ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಈಗ ಉಳುವುದು ಟ್ರ್ಯಾಕ್ಟರ್, ಆದರೂ ಸೋಮವಾರದ ಬಿಡುವು ಉಳಿದುಕೊಂಡಿದೆ. ಊರಿನ ನ್ಯಾಯಗಳು ಆ ದಿನವೇ ನಡೆಯುತ್ತವೆ. ನಾನು ನಂಜನಗೂಡಿನಲ್ಲಿ ಮನೆ ಮಾಡಿಕೊಂಡು ಪತ್ರಿಕೆಯೊಂದಕ್ಕೆ ಅಪರಾಧ ಸುದ್ದಿ ಬರೆಯುವವನು. ಅಂದು ಅವ್ವನಿಗೆ ಮಾತ್ರೆ ಕೊಟ್ಟು ಹೋಗಲು ಬಂದಿದ್ದೆ. ಕಟ್ಟೆಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ.

ಆ ಹೆಂಗಸು ನಮ್ಮ ಬೀದಿಯವಳು, ವರಸೆಯಲ್ಲಿ ನನಗೆ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪ ಬಿಟ್ಟುಹೋದ ಗದ್ದೆಯನ್ನು ತಾನೇ ಮಾಡಿಸುತ್ತಿದ್ದಳು. ಕವಲಂದೆ ಕಡೆಯ ಹಾಲಿನ ಟೆಂಪೋ ಓಡಿಸುವವನೊಬ್ಬ, ಅವನೂ ಹೆಂಡತಿ ಸತ್ತವನು, ಆ ವರ್ಷ ಅವಳ ಮನೆಗೆ ಬಂದು ಉಳಿದ. ಜಾತಿಯ ತಕರಾರು ಇರಲಿಲ್ಲ. ಮದುವೆ ಆಗಿರಲಿಲ್ಲ, ಅಷ್ಟೆ.

"ತೆಪ್ಪುಕಾಣ್ಕೆ ಇಟ್ಟು ಕೈ ಮುಗ್ದ್‌ಬುಡವ್ವ, ಮುಗ್ದೋಯ್ತದೆ," ಅಂದ ಅಣ್ಣ, ಕಟ್ಟೆಯ ಕೆಳಗೆ ನಿಂತಿದ್ದ ಅಕ್ಕನಿಗೆ. ತಪ್ಪುಕಾಣಿಕೆಯೆಂದರೆ ಮಾರಮ್ಮನ ಮುಂದೆ ಒಂದು ಕಾಸು ಇಟ್ಟು, ಸೇರಿದವರ ಎದುರು ತಪ್ಪಾಯಿತೆನ್ನುವುದು.

"ನಾನೇನ್ ಕದ್ದಿದ್ದೀನಾ? ಕದ್ದೋನು ಅಲ್ ಕುಂತವ್ನೆ ನೋಡಿ, ಕಾಲ್‌ಮ್ಯಾಲ್ ಕಾಲಾಕ್ಕಂಡು."

ಅಲ್ಲಿ ಕೂತಿದ್ದವನು ಪಂಪ್‌ಸೆಟ್ಟಿನ ತಂತಿ ಕದ್ದು ಜೈಲಿಗೆ ಹೋಗಿ ಬಂದವನು. ಅವನ ಬಂಧನದ ಸುದ್ದಿ ಬರೆದವನು ನಾನೇ. ಬಿಡುಗಡೆಯಾಗಿ ಬಂದಾಗ ಇದೇ ಕಟ್ಟೆಯಲ್ಲಿ ತಪ್ಪುಕಾಣಿಕೆ ಇಟ್ಟ. ತಂತಿ ಕಳೆದುಕೊಂಡವರ ಗದ್ದೆಗೇ ಮಾರನೆಯ ದಿನ ಪೈರಿನ ಕಟ್ಟು ಹೊತ್ತ.

"ನನ್ ಯಾಕಕ್ಕ ಮದ್ಯಕ್ ಎಳೀತೀಯೆ? ನಂದು ಕೋರ್ಟಲ್ಲೇ ಮುಗ್ದದೆ. ನೀನೂ ಏನಾರ ಕದ್ದಿದ್ರೆ ಇಷ್ಟೊತ್ಗೆ ಕಾಪಿ ಕುಡೀತಾ ಕುಂತಿರ್ಬೋದಿತ್ತು," ಅಂದ ಅವನು. ಜನ ನಕ್ಕರು. ಅಕ್ಕನೂ ನಕ್ಕಳು.

"ಓಗ್ಲಿ, ಮದ್ವೆನಾದ್ರೂ ಆಗ್ಬುಡಿ ಕಣವ್ವ," ಅಂದರು ಇನ್ನೊಬ್ಬ ಯಜಮಾನರು.

"ಒಂದ್ ಸಲ ಕಟ್ಟುಸ್ಕಂಡು ನೋಡಿವ್ನಿ. ಸಾಕು ಕಣಪ್ಪೋ."

ಅಲ್ಲಿಗೆ ನಗು ನಿಂತಿತು. "ಅವ್ನು ಕದ್ದ, ತೆಪ್ಪಾಯ್ತು ಅಂದ. ನೀನು ಅನ್ನಾಕಿಲ್ವಲ್ಲ," ಅಂದ ಅಣ್ಣ. ಆಮೇಲೆ ತೀರ್ಮಾನ ಹೇಳಿದರು.

ನಾಟಿಯ ಕಾಲ ಅದು. ನಮ್ಮೂರಿನಲ್ಲಿ ಸಣ್ಣ ಹಿಡುವಳಿಯವರ ನಾಟಿ ಇನ್ನೂ ಮುಯ್ಯಾಳಿನಿಂದಲೇ ಆಗುವುದು. ಇವತ್ತು ನೀನು ನನ್ನ ಗದ್ದೆಯಲ್ಲಿ ಬಗ್ಗಿದರೆ ನಾಳೆ ನಾನು ನಿನ್ನ ಗದ್ದೆಯಲ್ಲಿ ಬಗ್ಗಬೇಕು. ಹಿಂದಿನ ವಾರ ನಮ್ಮ ಗದ್ದೆಯ ನಾಟಿಗೆ ಅಕ್ಕ ಬಂದಿದ್ದಳು. ಕಾಲುವೆ ಪಕ್ಕದ ಕೆಸರು ಹೆಚ್ಚಿದ್ದ ಮೂಲೆಯನ್ನು ಅವಳೇ ಮುಗಿಸಿದ್ದಳು. ಅವ್ವ ಅವಳಿಗೆ ಒಂದು ಮುಯ್ಯಿ ಬಾಕಿಯಿದ್ದಳು. ಅಕ್ಕನ ಪೈರು ಸಸಿ ಬೆಳೆಸುವ ಒಟ್ಲುಪಾತಿಯಲ್ಲಿ ಕೀಳಲು ಬಂದಿತ್ತು. ಹೆಚ್ಚು ದಿನ ಬಿಟ್ಟರೆ ಪೈರು ಬಲಿತು ಗೆಣ್ಣು ಕಟ್ಟುತ್ತದೆ. ಆಮೇಲೆ ನೆಟ್ಟರೂ ಬುಡದಲ್ಲಿ ಹೊಸ ಕವಲು, ತೆಂಡೆ, ಒಡೆಯುವುದಿಲ್ಲ.

ಊಟಕ್ಕೆ ಕೂತಾಗ ಅವ್ವ, "ನಾಳಿಕೆ ಅವ್ಳ ನಾಟಿ," ಅಂದಳು.

"ಓಗ್ಬ್ಯಾಡ ಕಣವ್ವ. ಕಟ್ಟೆ ಮ್ಯಾಲೆ ನಾನೇ ಏಳ್ಬುಟ್ಟು, ನಮ್ಮನೆಯೋರೇ ಓದ್ರೆ ನನ್ ಮೊಕ ಎಲ್ಲಿಕ್ಕಲಿ?"

"ಬಂದು ಬಗ್ಗಿ ನೆಟ್ಟೋದ್ಲಲ್ಲ, ಅವ್ಳ ಮುಂದೆ ನಾನೆಲ್ಲಿಕ್ಲಾ ಮೊಕವ?"

ಅವ್ವ ನನ್ನ ಕಡೆ ನೋಡಿದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅವ್ವ ಮಾರನೆಯ ದಿನ ಹೋಗಲಿಲ್ಲ. ಯಾರೂ ಹೋಗಲಿಲ್ಲ.

ಆ ವಾರ ನಾನು ಒಂದು ಸರಗಳ್ಳತನದ ಸುದ್ದಿ, ಒಂದು ಮರಳು ಲಾರಿಯ ಸುದ್ದಿ ಬರೆದೆ. ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರ ಹತ್ತಿರ ಊರಿನ ಹೆಸರು ಹೇಳದೆ ಕೇಳಿದೆ. ಮದುವೆಯಿಲ್ಲದೆ ಇಬ್ಬರು ವಯಸ್ಕರು ಒಟ್ಟಿಗೆ ಇರುವುದು ಅಪರಾಧವೇ?

"ಅಲ್ಲ."

ಅದಕ್ಕಾಗಿ ಊರವರು ಬಹಿಷ್ಕಾರ ಹಾಕಿದರೆ?

"ಅದು ಅಪರಾಧಾನೇ ಸಾರ್. ಆದ್ರೆ ಯಾರಾದ್ರೂ ಬಂದು ದೂರು ಕೊಡ್ಬೇಕಲ್ಲ? ಯಾವೂರು?"

ಸುಮ್ಮನೆ ಕೇಳಿದೆ ಎಂದು ಹೇಳಿದೆ. ದೂರು ದಾಖಲಾಗದೆ ಸುದ್ದಿ ಬರೆಯುವುದಿಲ್ಲ ಎನ್ನುವುದು ನಾನು ಕೆಲಸಕ್ಕೆ ಸೇರಿದಂದಿನಿಂದ ಪಾಲಿಸಿದ ನಿಯಮ. ಅದು ಒಳ್ಳೆಯ ನಿಯಮ. ಆ ವಾರ ಅದರ ಹಿಂದೆ ನಿಂತುಕೊಳ್ಳಲು ನನಗೆ ಜಾಗವೂ ಇತ್ತು.

ಭಾನುವಾರ ಬನ್ನೂರಿನಲ್ಲಿ ಬಸ್ಸಿಳಿದು, ನಮ್ಮೂರೊಳಗೆ ಹೋಗದೆ, ಕಾಲುವೆ ಏರಿಯ ಮೇಲೆ ನಡೆದು ಅಕ್ಕನ ಗದ್ದೆಗೆ ಹೋದೆ. ಅವಳೂ ಅವನೂ ಇಬ್ಬರೇ ನೆಡುತ್ತಿದ್ದರು. ನೆಟ್ಟದ್ದು ಒಂದು ಸಣ್ಣ ತಾಕು. ಒಟ್ಲಿನಲ್ಲಿ ಉಳಿದ ಪೈರಿನ ತುದಿ ಆಗಲೇ ಹಳದಿಯಾಗಿತ್ತು.

"ನೋಡಪ್ಪ, ಟೆಂಪೋ ಓಡ್ಸ್‌ದಂಗೇ ನೆಡ್ತಾನೆ. ಬರೀ ತಿರುವು," ಅಂದಳು ಅಕ್ಕ. ಅವನು ಬಗ್ಗಿಕೊಂಡೇ ನಕ್ಕ.

ನಾನು ಕಾನೂನು ಹೇಳಿದೆ. ನೀನು ಮಾಡಿದ್ದು ಅಪರಾಧವಲ್ಲ, ಅವರು ಮಾಡಿದ್ದು ಅಪರಾಧ, ದೂರು ಕೊಡು ಎಂದೆ.

ಅವಳು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತಳು. "ಯಾರ್ ಮ್ಯಾಲ್ ಕೊಡ್ಲಪ್ಪ? ನಿಮ್ಮಣ್ಣನ್ ಮ್ಯಾಲಾ? ಮುಯ್ಯಿಗೆ ಬರ್ದೇ ಇದ್ದೋಳು ದೊಡ್ಡವ್ವ, ಅವ್ಳ್ ಮ್ಯಾಲಾ?"

ಅವಳು ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡಳು.

"ಆಗ್ಲಿ, ಕೊಡ್ತೀನಿ ಅನ್ಕೊ. ಅವತ್ತು ನೀನೂ ಅಲ್ಲೇ ನಿಂತಿದ್ದಲ್ಲ. ಸಾಕ್ಸಿ ಏಳೀಯಾ?"

"ಕೇಳಿ ಹೇಳ್ತೀನಕ್ಕ."

"ಯಾರ್ನ ಕೇಳಿಯಪ್ಪ?"

ಅಷ್ಟು ಹೇಳಿ ಮತ್ತೆ ಬಗ್ಗಿದಳು. ನಾನು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ಕೆಸರು ಮೆಟ್ಟಿರಲಿಲ್ಲ.

ಅವ್ವ ಕೊನೆಗೆ ಹೋದಳು. ಗಣಪತಿ ಹಬ್ಬ ಕಳೆದಿತ್ತು. ಹಾಡುಹಗಲಲ್ಲಿ, ಅಣ್ಣ ನೋಡುತ್ತಿರುವಾಗಲೇ, ತಲೆಗೆ ಬಟ್ಟೆ ಕಟ್ಟಿಕೊಂಡು, ಸೀರೆ ಎತ್ತಿ ಸಿಕ್ಕಿಸಿಕೊಂಡು ಕಟ್ಟೆಯ ಮುಂದೆಯೇ ನಡೆದಳಂತೆ. ಅಲ್ಲಿ ಆದದ್ದನ್ನು ಅವಳೇ ನನಗೆ ಫೋನಿನಲ್ಲಿ ಹೇಳಿದಳು. ಬಲಿತ ಪೈರಿಗೆ ಅಕ್ಕ ದನ ಬಿಟ್ಟಿದ್ದಳು.

"ಮುಯ್ಯಿ ತೀರ್ಸಕ್ ಬಂದ್ಯಾ ದೊಡ್ಡವ್ವ? ಬಾ, ಕುಂತ್ಕೊ. ದನ ಮೇಯ್ತಾವೆ, ನೋಡವ," ಅಂದಳಂತೆ ಅಕ್ಕ. ಅವ್ವ ಬೈಗಿನವರೆಗೆ ಅವಳ ಪಕ್ಕದಲ್ಲಿ ಬದುವಿನ ಮೇಲೆ ಕೂತಿದ್ದು ಎದ್ದು ಬಂದಳು.

ತೀರ್ಮಾನ ಮುರಿದದ್ದಕ್ಕೆ ಅವ್ವನಿಗೆ ಯಾರೂ ದಂಡ ಹಾಕಲಿಲ್ಲ. ಯಜಮಾನನ ತಾಯಿ ಎಂದು ಬಿಟ್ಟರೆಂದು ಕೇಳಿದೆ.

ನಮ್ಮ ಗದ್ದೆಯ ಕೊಯ್ಲು ಡಿಸೆಂಬರಿನಲ್ಲಿ ಮುಗಿಯಿತು. ಭತ್ತ ಮಿಲ್ಲಿಗೆ ಹೋಗಿ, ಅಕ್ಕಿಯ ಒಂದು ಮೂಟೆ ನಂಜನಗೂಡಿನ ನನ್ನ ಮನೆಗೆ ಬಂದಿದೆ. ಅಕ್ಕನ ಗದ್ದೆಯಲ್ಲಿ ಒಂದು ತಾಕು ಬಿಟ್ಟರೆ ಉಳಿದದ್ದು ಬೀಳಾಗಿದೆ. ಕಟ್ಟೆಯ ತೀರ್ಮಾನವನ್ನು ವಾಪಸು ಪಡೆದಿಲ್ಲ. ಇದನ್ನು ಬರೆಯುವ ಹೊತ್ತಿಗೆ ಠಾಣೆಯಲ್ಲಿ ಯಾವ ದೂರೂ ದಾಖಲಾಗಿಲ್ಲ.